ಮನೆಯಲ್ಲೇ ನೆಗೆಟಿವ್, ಸ್ಲೈಡ್ ಸ್ಕ್ಯಾನ್ ಮಾಡಲು ಯಾವ ಯಂತ್ರ ತರಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಒಂದು ಗೌರಿ ಹಬ್ಬದ ಮಧ್ಯಾಹ್ನ, ಊಟ ಆದ ಮೇಲೆ, ಅಪ್ಪ ತೆಗೆದಿದ್ದ ಹಳೇ ದಸರಾ ಸ್ಲೈಡುಗಳನ್ನು ಸ್ಕ್ಯಾನ್ ಮಾಡಿ ಟಿವಿಯಲ್ಲಿ ಹಾಕಿದೆ. ಅವತ್ತಿನಿಂದ ಮೈಸೂರು ಸರಸ್ವತಿಪುರದ ನಮ್ಮ ಮನೆಗೆ ಬಿಸ್ಕತ್ತಿನ ಡಬ್ಬಗಳು ಬರತೊಡಗಿದವು. ಒಳಗೆ ಬಿಸ್ಕತ್ತಿಲ್ಲ, ನೆಗೆಟಿವ್. ಮದುವೆ ಛತ್ರದ ಪಂಕ್ತಿಯಲ್ಲಿ, ಫೋನಿನಲ್ಲಿ, ಮಂಡ್ಯದ ಷಡ್ಕನ ಮೆಸೇಜಿನಲ್ಲಿ ಜನ ಕೇಳುವುದು ಹೆಚ್ಚೂಕಮ್ಮಿ ಇವೇ ಪ್ರಶ್ನೆಗಳನ್ನು. ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ನಾನು ಅಂಗಡಿಯವನಲ್ಲ, ಯಾವ ಕಂಪನಿಯ ಕಡೆಯವನೂ ಅಲ್ಲ.

## ಶುರುವಿನ ಪ್ರಶ್ನೆಗಳು

ಮನೇಲಿ ಪ್ರಿಂಟರ್ ಜೊತೆ ಸ್ಕ್ಯಾನರ್ ಇದೆಯಲ್ಲ, ಅದರಲ್ಲೇ ನೆಗೆಟಿವ್ ಇಟ್ಟರೆ ಬರಲ್ವಾ?

ಬರುವುದಿಲ್ಲ. ಆ ಸ್ಕ್ಯಾನರ್ ಕೆಳಗಿಂದ ಬೆಳಕು ಬಿಟ್ಟು, ಕಾಗದಕ್ಕೆ ತಾಗಿ ವಾಪಸ್ ಬಂದದ್ದನ್ನು ಓದುತ್ತದೆ. ನೆಗೆಟಿವ್‌ಗೂ ಸ್ಲೈಡ್‌ಗೂ ಬೆಳಕು ಒಂದು ಕಡೆಯಿಂದ ಹಾದು ಇನ್ನೊಂದು ಕಡೆ ಬರಬೇಕು. ಅದಕ್ಕೆ ಮುಚ್ಚಳದಲ್ಲೂ ದೀಪ ಬೇಕು. ಆಧಾರ್ ಕಾರ್ಡ್ ಜೆರಾಕ್ಸ್ ತೆಗೆಯುವ ಯಂತ್ರದಲ್ಲಿ ಅದು ಇರುವುದಿಲ್ಲ. ಇಟ್ಟು ನೋಡಿದರೆ ಕರೀ ಪಟ್ಟಿಯೊಂದು ಕಾಣುತ್ತದೆ, ಅಷ್ಟೆ.

ಡಬ್ಬದಲ್ಲಿ ಏನೇನಿದೆ ಅಂತಲೇ ಗೊತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಯಂತ್ರ ಹುಡುಕುವ ಮೊದಲು ಮಾಡಬೇಕಾದ ಕೆಲಸವೇ ಇದು. ಹೆಚ್ಚಿನವರು ಬಿಡುವುದೂ ಇದನ್ನೇ. ಒಂದು ಭಾನುವಾರ ಚಾಪೆ ಹಾಸಿ, ಅದರ ಮೇಲೆ ಬಿಳೀ ಪಂಚೆ ಹರಡಿ ಕೂತುಕೊಳ್ಳಿ. ಅಡಿಕೋಲು ಇರಲಿ.

ಎರಡೂ ಅಂಚಿಗೆ ಸಾಲಾಗಿ ತೂತುಗಳಿದ್ದರೆ ಅದು 35 ಎಂಎಂ. ಒಂದು ಚಿತ್ರ 24 ಗುಣಿಸು 36 ಮಿಲಿಮೀಟರ್. ಯಾಶಿಕಾ ಎಂಎಫ್-2 ಇದ್ದ ಮನೆಗಳಲ್ಲಿ ಸಿಗುವುದು ಇದೇ. ತೂತೇ ಇಲ್ಲದೆ ಸುಮಾರು ಆರು ಸೆಂಟಿಮೀಟರ್ ಅಗಲ ಇದ್ದರೆ 120 ರೋಲು. ಅಗ್ಫಾ ಕ್ಲಿಕ್ 3 ಇಟ್ಟುಕೊಂಡಿದ್ದ ಸೋದರಮಾವ ಯಾರಾದರೂ ಇದ್ದರೆ ಇದು ಖಂಡಿತ ಸಿಗುತ್ತದೆ. ಹಳೇ ಸ್ಟುಡಿಯೋದ ಮದುವೆ ಫೋಟೋಗಳೂ ಜಾಸ್ತಿ ಇದರಲ್ಲೇ. ಬೆರಳಿನಷ್ಟೇ ಅಗಲದ ಪುಟ್ಟ ಪಟ್ಟಿಯಾದರೆ 110, ಚಿತ್ರ ಬರೀ 13 ಗುಣಿಸು 17 ಮಿಲಿಮೀಟರ್. ಐದು ಸೆಂಟಿಮೀಟರ್ ಚೌಕದ ರಟ್ಟು ಅಥವಾ ಪ್ಲಾಸ್ಟಿಕ್ ಚೌಕಟ್ಟಿನಲ್ಲಿ ಕೂತಿದ್ದರೆ ಸ್ಲೈಡ್.

ನಾಲ್ಕು ಗುಂಪು ಮಾಡಿ, ಎಣಿಸಿ, ಒಂದು ಚೀಟಿಯಲ್ಲಿ ಬರೆಯಿರಿ. ಯಾವ ಯಂತ್ರ ಬೇಕು ಅನ್ನುವುದರ ಮುಕ್ಕಾಲು ಉತ್ತರ ಆ ಚೀಟಿಯಲ್ಲೇ ಇರುತ್ತದೆ. ನನ್ನ ಷಡ್ಕ ಎಣಿಸದೆ 35 ಎಂಎಂ ಯಂತ್ರ ತಂದರು. ಆಮೇಲೆ ನೋಡಿದರೆ ಅವರ ತಾಯಿಯ ಮದುವೆಯದ್ದೆಲ್ಲ 120.

ನೆಗೆಟಿವ್ ನೋಡಿದ್ರೆ ಯಾರು ಯಾರು ಅಂತ ಗೊತ್ತೇ ಆಗಲ್ಲ. ಸ್ಕ್ಯಾನ್ ಮಾಡದೆ ನೋಡೋಕೆ ಆಗುತ್ತಾ?

ಆಗುತ್ತದೆ, ಪುಕ್ಕಟೆಯಾಗಿ. ಒಂದು ಫೋನಿನಲ್ಲಿ ಬರೀ ಬಿಳೀ ಪರದೆ ತೆರೆದು ಬೆಳಕು ಪೂರ್ತಿ ಏರಿಸಿ. ನೆಗೆಟಿವನ್ನು ಅದಕ್ಕಿಂತ ಒಂದೆರಡು ಬೆರಳು ಮೇಲೆ ಹಿಡಿಯಿರಿ. ಪರದೆಗೆ ತಾಗಿಸಿದರೆ ಅದರ ಚುಕ್ಕಿಗಳೇ ಕಾಣುತ್ತವೆ. ಇನ್ನೊಂದು ಫೋನಿನ ಸೆಟ್ಟಿಂಗ್‌ನಲ್ಲಿ ಬಣ್ಣ ತಿರುಗಿಸುವ ಆಯ್ಕೆ ಹಾಕಿ, ಕ್ಯಾಮೆರಾ ತೆರೆದು ನೋಡಿ. ನಮ್ಮತ್ತೆ ಹೀಗೆ ನೋಡಿ "ಅಯ್ಯೋ, ಇದು ನಮ್ಮ ಕೆಆರ್‌ಎಸ್ ಪಿಕ್ನಿಕ್ಕು!" ಎಂದು ಕೂಗಿದರು. ಇದು ಆರಿಸಲು ಮಾತ್ರ. ಉಳಿಸಿಕೊಳ್ಳುವ ಕಾಪಿ ಅಂತ ಇದನ್ನು ನಂಬಬೇಡಿ.

ಪ್ರಿಂಟೂ ಇದೆ, ನೆಗೆಟಿವೂ ಇದೆ. ಯಾವುದನ್ನು ಸ್ಕ್ಯಾನ್ ಮಾಡೋದು?

ನೆಗೆಟಿವ್ ಚೆನ್ನಾಗಿದ್ದರೆ ಅದನ್ನೇ. ಪ್ರಿಂಟ್ ಹಾಕುವಾಗ ಲ್ಯಾಬಿನವರು ಅಂಚು ಸ್ವಲ್ಪ ಕತ್ತರಿಸಿರುತ್ತಾರೆ. ನೆರಳಿನಲ್ಲೂ ಬಿಸಿಲಿನಲ್ಲೂ ಇರುವ ವಿವರ ನೆಗೆಟಿವ್‌ನಲ್ಲೇ ಜಾಸ್ತಿ ಉಳಿದಿರುತ್ತದೆ. ಆದರೆ ಕೈಯಲ್ಲಿ ಬಣ್ಣ ತುಂಬಿದ ಹಳೇ ಕಪ್ಪು ಬಿಳುಪು ಪ್ರಿಂಟ್ ಇದ್ದರೆ, ಆ ಬಣ್ಣ ಇರುವುದು ಅದರ ಮೇಲೆ ಮಾತ್ರ. ಅದನ್ನೂ ಸ್ಕ್ಯಾನ್ ಮಾಡಿ.

ಸ್ಟುಡಿಯೋಗೆ ಕೊಟ್ಟುಬಿಟ್ಟರೆ ಆಗಲ್ವಾ? ಯಂತ್ರ ಯಾಕೆ ಬೇಕು?

ನೂರು, ನೂರೈವತ್ತು ಚಿತ್ರದೊಳಗೆ ಇದ್ದರೆ ಕೊಟ್ಟುಬಿಡಿ. ಅದಕ್ಕೆಲ್ಲ ಯಂತ್ರ ತರುವುದು ದಂಡ. ಕೊಡುವ ಮುಂಚೆ ಮೂರು ಮಾತು ಕೇಳಿ: ಒಂದು ಚಿತ್ರ ಎಷ್ಟು ಪಿಕ್ಸೆಲ್ ಬರುತ್ತದೆ, ಟಿಫ್ (ಏನನ್ನೂ ಕಳೆಯದೆ ಉಳಿಸುವ ದೊಡ್ಡ ಫೈಲು) ಕೊಡುತ್ತೀರಾ ಬರೀ ಜೆಪೆಗ್ಗಾ (ಕುಗ್ಗಿಸಿದ ಚಿಕ್ಕ ಫೈಲು), ಪಟ್ಟಿಗಳನ್ನು ಕತ್ತರಿಸುತ್ತೀರಾ. ಮೂರನೆಯದು ಮುಖ್ಯ. ನಾನು ಒಂದು ಕಡೆ ಕೊಟ್ಟಾಗ ಆರು ಚಿತ್ರದ ಪಟ್ಟಿಯನ್ನು ಹೋಲ್ಡರಿಗೆ, ಅಂದರೆ ಫಿಲ್ಮ್ ಹಿಡಿದಿಡುವ ಚೌಕಟ್ಟಿಗೆ, ಸರಿಹೋಗಲಿ ಅಂತ ಕತ್ತರಿಸಿಬಿಟ್ಟಿದ್ದರು. ಕತ್ತರಿ ಹೋದದ್ದು ಎರಡು ಚಿತ್ರದ ನಡುವೆ ಅಲ್ಲ, ತಂಗಿಯ ನಾಮಕರಣದ ನಡುವೆ. ಬೈದು ಏನು ಪ್ರಯೋಜನ? ಆಮೇಲೆ ಯಂತ್ರ ತಂದೆ.

ಯಂತ್ರಗಳಲ್ಲಿ ಎಷ್ಟು ಬಗೆ?

ನಾಲ್ಕು. ಪುಟ್ಟ ಪರದೆ ಇರುವ, ಕಂಪ್ಯೂಟರ್ ಬೇಡದ ಡಬ್ಬ. ಗಾಜಿನ ಮೇಲೆ ಮಲಗಿಸಿ ಓದುವ, ಮುಚ್ಚಳದಲ್ಲಿ ದೀಪ ಇರುವ ಫ್ಲ್ಯಾಟ್‌ಬೆಡ್. 35 ಎಂಎಂಗೆ ಅಂತಲೇ ಮಾಡಿದ ಫಿಲ್ಮ್ ಸ್ಕ್ಯಾನರ್. ಕೊನೆಯದು, ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಹಾಕಿದ ಡಿಜಿಟಲ್ ಕ್ಯಾಮೆರಾ. ನಾಲ್ಕರ ಬಗ್ಗೆಯೂ ಮುಂದೆ ಒಂದೊಂದಾಗಿ ಬರುತ್ತದೆ.

## ದುಡ್ಡು ಕೊಡುವ ಮೊದಲು

ಒಂದರ ಮೇಲೆ 7200 ಡಿಪಿಐ ಅಂತ ಇದೆ, ಇನ್ನೊಂದರ ಮೇಲೆ 6400. ಜಾಸ್ತಿ ಇರೋದೇ ಒಳ್ಳೇದಲ್ವಾ?

ಈ ಒಂದು ಸಂಖ್ಯೆ ನೋಡಿ ಮೋಸ ಹೋದಷ್ಟು ಜನ ಬೇರೆ ಯಾವುದಕ್ಕೂ ಹೋಗಿಲ್ಲ. ಡಿಪಿಐ ಅಂದರೆ ಒಂದು ಅಂಗುಲಕ್ಕೆ ಯಂತ್ರ ಎಷ್ಟು ಚುಕ್ಕಿ ಓದುತ್ತದೆ ಅನ್ನುವ ಲೆಕ್ಕ. ಡಬ್ಬದ ಮೇಲಿರುವುದು ಸೆನ್ಸರ್ ಎಷ್ಟು ಬಾರಿ ಇಣುಕುತ್ತದೆ ಅನ್ನುವುದು. ಇಣುಕಿದಾಗ ಕಣ್ಣಿಗೆ ಏನು ಸ್ಪಷ್ಟವಾಗಿ ಕಂಡಿತು ಅನ್ನುವುದು ಲೆನ್ಸಿನ ಮೇಲೆ, ಫೋಕಸ್ಸಿನ ಮೇಲೆ ನಿಂತಿದೆ. ಕನ್ನಡಕ ಮಂಜಾಗಿದ್ದರೆ ಹತ್ತು ಸಲ ಓದಿದರೂ ಅಕ್ಷರ ಮಂಜೇ.

ಪರೀಕ್ಷಾ ಪಟ್ಟಿ ಇಟ್ಟು ಅಳೆದವರ ಲೆಕ್ಕ ನೋಡಿ. ಎಪ್ಸನ್ ವಿ600 ಅನ್ನುವ ಫ್ಲ್ಯಾಟ್‌ಬೆಡ್ ಮೇಲೆ 6400 ಅಂತ ಇದೆ, ನಿಜವಾಗಿ ಸಿಗುವುದು 1600ರ ಆಸುಪಾಸು. ಎಪ್ಸನ್ ವಿ850ಯಲ್ಲಿ 2300 ಸುತ್ತಮುತ್ತ. ಪ್ಲಸ್ಟೆಕ್ ಆಪ್ಟಿಕ್‌ಫಿಲ್ಮ್ ಅನ್ನುವ 35 ಎಂಎಂ ಫಿಲ್ಮ್ ಸ್ಕ್ಯಾನರ್ ಮೇಲೆ 7200 ಇದ್ದರೆ ಸಿಗುವುದು ಅದರ ಅರ್ಧದಷ್ಟು. ಹಳೇ ನಿಕಾನ್ ಕೂಲ್‌ಸ್ಕ್ಯಾನ್ ಫಿಲ್ಮ್ ಸ್ಕ್ಯಾನರ್ ಮೇಲೆ ಬರೀ 4000 ಅಂತ ಇದೆ, ಆದರೆ ಕೊಡುವುದು ಹೆಚ್ಚೂಕಮ್ಮಿ ಪೂರ್ತಿ. ಅಂದರೆ ಡಬ್ಬದ ಮೇಲೆ ಚಿಕ್ಕ ಸಂಖ್ಯೆ ಇರುವುದೇ ಇಲ್ಲಿ ಗೆದ್ದಿತು.

ಇನ್ನೊಂದು. "ಇಂಟರ್‌ಪೋಲೇಟೆಡ್" ಅನ್ನುವ ಪದ ಕಂಡರೆ ಆ ಸಂಖ್ಯೆಯನ್ನು ಮರೆತುಬಿಡಿ. ಯಂತ್ರ ಓದದೆ ಊಹಿಸಿ ತುಂಬಿದ ಚುಕ್ಕಿಗಳು ಅವು. ಮಜ್ಜಿಗೆಗೆ ನೀರು ಹಾಕಿದ ಹಾಗೆ.

ಹಾಗಾದ್ರೆ ನಂಗೆ ನಿಜವಾಗ್ಲೂ ಎಷ್ಟು ಬೇಕು?

ಏನು ಮಾಡುತ್ತೀರಿ ಅನ್ನುವುದರ ಮೇಲೆ ಇದೆ. 35 ಎಂಎಂ ಚಿತ್ರವನ್ನು ನಿಜವಾದ 1600 ಡಿಪಿಐಯಲ್ಲಿ ಓದಿದರೆ ಸುಮಾರು 3.4 ಮೆಗಾಪಿಕ್ಸೆಲ್. ಫೋನಿಗೆ, ಫುಲ್ ಎಚ್‌ಡಿ ಟಿವಿಗೆ, 5 ಗುಣಿಸು 7 ಅಂಗುಲದ ಪ್ರಿಂಟಿಗೆ ಸಾಕು. 2400ರಲ್ಲಿ 7.7 ಮೆಗಾಪಿಕ್ಸೆಲ್. ಗೋಡೆಗೆ ಹಾಕುವ 8 ಗುಣಿಸು 10ಕ್ಕೆ ಒಳ್ಳೆಯದು. 3200ರಲ್ಲಿ ಸುಮಾರು 13.7. ಕೈಯಲ್ಲಿ ಹಿಡಿದು ತೆಗೆದ ಮನೆ ಫೋಟೋಗಳಲ್ಲಿ ಅದಕ್ಕಿಂತ ಮೇಲೆ ಹೋದರೆ ಸಿಗುವುದು ಫಿಲ್ಮಿನ ಕಾಳು, ಅಜ್ಜಿಯ ಮುಖವಲ್ಲ.

120 ನೆಗೆಟಿವ್ ದೊಡ್ಡದು. ಆರು ಗುಣಿಸು ಆರು ಸೆಂಟಿಮೀಟರಿನ ಚೌಕಕ್ಕೆ 1600 ಸಿಕ್ಕರೂ 12 ಮೆಗಾಪಿಕ್ಸೆಲ್ ಮೇಲೆ ಬರುತ್ತದೆ. ಅದಕ್ಕೇ ಸಾಧಾರಣ ಫ್ಲ್ಯಾಟ್‌ಬೆಡ್ಡಿನಲ್ಲಿ 35 ಎಂಎಂ ಸಪ್ಪೆಯಾಗಿ ಕಂಡರೂ 120 ಹೊಳೆಯುತ್ತದೆ.

ಪುಟ್ಟ ಸ್ಕ್ರೀನ್ ಇರೋ ಡಬ್ಬ ಅಗ್ಗ ಇದೆ, ಎರಡು ಸೆಕೆಂಡಿಗೆ ಒಂದು ಫೋಟೋ ಅಂತೆ. ತಗೊಳ್ಳಲಾ?

ಆ ಡಬ್ಬದೊಳಗೆ ಇರುವುದು ಸ್ಕ್ಯಾನರ್ ಅಲ್ಲ, ಒಂದು ಪುಟ್ಟ ಕ್ಯಾಮೆರಾ ಮತ್ತು ದೀಪ. ಫೋಟೋದ ಫೋಟೋ ತೆಗೆದು ಜೆಪೆಗ್ ಮಾಡಿಕೊಡುತ್ತದೆ. ವೇಗ ನಿಜ. ಮಕ್ಕಳ ಜೊತೆ ಕೂತು ಒಂದು ಸಂಜೆಯಲ್ಲಿ ಎಲ್ಲ ನೋಡಿ ನಗಲು ಚೆನ್ನಾಗಿದೆ.

ನನ್ನ ಕಥೆ ಹೇಳುತ್ತೇನೆ, ಯಾವ ಕಂಪನಿಯದು ಅಂತ ಬೇಡ. ಮೊದಲು ತಂದದ್ದು ಇಂಥದ್ದೇ. ನಾಲ್ಕು ಸಂಜೆಯಲ್ಲಿ 220 ಸ್ಲೈಡ್ ಮುಗಿಸಿ ಬೀಗಿದೆ. ಟಿವಿಗೆ ಹಾಕಿದಾಗ ಗೊತ್ತಾಯಿತು. ಜಂಬೂ ಸವಾರಿಯ ಅಂಬಾರಿ ಇರಬೇಕಾದ ಕಡೆ ಬರೀ ಬಿಳೀ ತೇಪೆ. ಚಿನ್ನದ ಮೇಲೆ ಬಿದ್ದ ಬಿಸಿಲನ್ನು ಅದು ತಡೆದುಕೊಳ್ಳಲೇ ಇಲ್ಲ. ಅರಮನೆ ದೀಪಾಲಂಕಾರದ ಸ್ಲೈಡಿನಲ್ಲಿ ಬಲ್ಬುಗಳೆಲ್ಲ ಅಂಟಿಕೊಂಡು ಒಂದೇ ಮುದ್ದೆ. ನಾಲ್ಕೂ ಕಡೆ ಅಂಚು ಕತ್ತರಿಸಿತ್ತು, ಫೋಟೋದ ತುದಿಯಲ್ಲಿ ನಿಂತಿದ್ದ ದೊಡ್ಡಪ್ಪ ಅರ್ಧ ಮಾಯ. 220ನ್ನೂ ಮತ್ತೆ ಮಾಡಬೇಕಾಯಿತು. ಹಾಗಾಗಿ ಒಂದೇ ಸಲ ಮಾಡಿ ಮುಗಿಸಬೇಕು ಅನ್ನುವವರಿಗೆ ಇದನ್ನು ನಾನು ಹೇಳುವುದಿಲ್ಲ.

ನಮ್ಮನೇಲಿ 35 ಎಂಎಂ ಮಾತ್ರ. ಸುಮ್ನೆ ಒಂದು ಹೆಸರು ಹೇಳಿ ಸಾರ್.

ಪ್ಲಸ್ಟೆಕ್ ಆಪ್ಟಿಕ್‌ಫಿಲ್ಮ್ 8200ಐ. ಹೊಸದಾಗಿ ಸಿಗುವವುಗಳಲ್ಲಿ ಮನೆಗೆ ಇದು ಸಾಕು. ಟೋಸ್ಟರ್‌ನಷ್ಟು ಜಾಗ, ಒಳಗೆ ಸಿಕ್ಕಿಹಾಕಿಕೊಳ್ಳುವ ಭಾಗ ಕಡಿಮೆ. ಹೋಲ್ಡರಿನಲ್ಲಿ ಆರು ಚಿತ್ರದ ಪಟ್ಟಿ ಅಥವಾ ನಾಲ್ಕು ಸ್ಲೈಡ್ ಇಟ್ಟು, ಒಂದಾದ ಮೇಲೆ ಒಂದನ್ನು ಕೈಯಲ್ಲೇ ತಳ್ಳಬೇಕು. ಅದೇ ಅದರ ಬೇಸರ, ಕೆಟ್ಟುಹೋಗುವ ಮೋಟಾರು ಒಂದು ಕಮ್ಮಿ ಅನ್ನುವುದರಿಂದ ಅದೇ ಅದರ ಗುಣವೂ ಹೌದು. 8100 ಅನ್ನುವ ತಮ್ಮ ಇನ್ನೂ ಅಗ್ಗ, ಆದರೆ ಅದರಲ್ಲಿ ಧೂಳು ಅಳಿಸುವ ಇನ್‌ಫ್ರಾರೆಡ್ ಇಲ್ಲ. ಡಬ್ಬದಲ್ಲಿರುವುದೆಲ್ಲ ಕಪ್ಪು ಬಿಳುಪಾದರೆ 8100 ತನ್ನಿ, ಆ ದುಡ್ಡು ಉಳಿಯಲಿ.

120 ಕೂಡ ಇದೆ, ಆಲ್ಬಮ್ ಪ್ರಿಂಟ್‌ಗಳೂ ಇವೆ. ವಿ600 ಸಾಕಾ, ವಿ850 ಬೇಕಾ?

ವಿ600ರಲ್ಲಿ ಒಂದು ಸಲಕ್ಕೆ 35 ಎಂಎಂನ 12 ಚಿತ್ರ, ನಾಲ್ಕು ಸ್ಲೈಡ್, 120 ಆದರೆ ಒಂದು ಪಟ್ಟಿ. ಪ್ರಿಂಟ್‌ಗಳೂ ಆಗುತ್ತವೆ. ಮಿಶ್ರ ಡಬ್ಬ ಇರುವ ಮನೆಗೆ ಇದೇ ಸರಿ. ವಿ850ಯಲ್ಲಿ 18 ಚಿತ್ರ ಅಥವಾ 12 ಸ್ಲೈಡ್ ಇಡಬಹುದು, ಹೋಲ್ಡರಿನ ಎತ್ತರ ಹೊಂದಿಸಬಹುದು, ದೊಡ್ಡ ನೆಗೆಟಿವ್ ಹಿಡಿಸುತ್ತದೆ. ಬೆಲೆ ಹಲವು ಪಟ್ಟು. ತಾತ ಸ್ಟುಡಿಯೋ ನಡೆಸುತ್ತಿದ್ದರು, ಅಟ್ಟದಲ್ಲಿ ಸಾವಿರಾರು ಇವೆ ಅನ್ನುವವರಿಗೆ ಮಾತ್ರ ಅದು. ಬರೀ 35 ಎಂಎಂಗೋಸ್ಕರ ವಿ850 ತರುವುದು ನನಗೆ ಸರಿ ಕಾಣುವುದಿಲ್ಲ. ಅದಕ್ಕಿಂತ ಬಹಳ ಅಗ್ಗದ ಪ್ಲಸ್ಟೆಕ್ ಆ ಕೆಲಸವನ್ನು ಇನ್ನೂ ಚೂಪಾಗಿ ಮಾಡುತ್ತದೆ.

110 ಇದ್ದರೆ? ಈ ಯಾವುದರ ಜೊತೆಗೂ ಅದರ ಹೋಲ್ಡರ್ ಬರುವುದಿಲ್ಲ. ಕರೀ ರಟ್ಟಿನಲ್ಲಿ ಅಳತೆಗೆ ಕಿಟಕಿ ಕೊರೆದು ಫ್ಲ್ಯಾಟ್‌ಬೆಡ್ಡಿನಲ್ಲಿ ಇಡುತ್ತೇನೆ. ಚಿತ್ರವೇ ಅಷ್ಟು ಚಿಕ್ಕದು, ಜಾಸ್ತಿ ಆಸೆ ಬೇಡ.

ಡಿಜಿಟಲ್ ಐಸ್ ಅಂತಾರಲ್ಲ, ಅದಕ್ಕೆ ದುಡ್ಡು ಜಾಸ್ತಿ ಕೊಡೋದು ಸರೀನಾ?

ಬಣ್ಣದ ಫಿಲ್ಮ್ ಜಾಸ್ತಿ ಇದ್ದರೆ ಕಣ್ಣುಮುಚ್ಚಿ ಕೊಡಿ. ಯಂತ್ರ ಮಾಮೂಲಿ ಬೆಳಕಿನ ಜೊತೆ ಇನ್‌ಫ್ರಾರೆಡ್ ಬೆಳಕಿನಲ್ಲೂ ಒಂದು ಸಲ ಓದುತ್ತದೆ. ಬಣ್ಣದ ಫಿಲ್ಮಿನ ಬಣ್ಣಗಳು ಇನ್‌ಫ್ರಾರೆಡ್ಡಿಗೆ ಗಾಜಿನ ಹಾಗೆ, ಹಾದುಹೋಗುತ್ತದೆ. ಧೂಳು, ಕೂದಲು, ಗೀರು ಮಾತ್ರ ತಡೆಯುತ್ತವೆ. ಆಗ ಯಂತ್ರಕ್ಕೆ ಚಿತ್ರ ಯಾವುದು, ಕಸ ಯಾವುದು ಅಂತ ಗೊತ್ತಾಗಿ ಕಸ ಇರುವಲ್ಲಿ ಮಾತ್ರ ತೇಪೆ ಹಾಕುತ್ತದೆ. ಕೈಯಲ್ಲಿ ಒಂದು ಚಿತ್ರಕ್ಕೆ ಅರ್ಧ ಗಂಟೆ ಹಿಡಿಯುವ ಕೆಲಸ ಇದು. ಎಪ್ಸನ್ನಿನವರು ಡಿಜಿಟಲ್ ಐಸ್ ಅನ್ನುತ್ತಾರೆ, ಪ್ಲಸ್ಟೆಕ್ ಜೊತೆ ಬರುವ ಸಿಲ್ವರ್‌ಫಾಸ್ಟ್‌ನಲ್ಲಿ ಬೇರೆ ಹೆಸರಿದೆ.

ಕಪ್ಪು ಬಿಳುಪಿಗೆ ಮಾತ್ರ ಇದನ್ನು ಬಂದ್ ಮಾಡಿಬಿಡಿ. ಅಲ್ಲಿ ಚಿತ್ರ ಇರುವುದು ಬಣ್ಣದಲ್ಲಲ್ಲ, ಬೆಳ್ಳಿಯ ಕಣಗಳಲ್ಲಿ. ಬೆಳ್ಳಿ ಇನ್‌ಫ್ರಾರೆಡ್ಡನ್ನೂ ತಡೆಯುತ್ತದೆ. ಯಂತ್ರ ಇಡೀ ಚಿತ್ರವನ್ನೇ ಕಸ ಅಂದುಕೊಳ್ಳುತ್ತದೆ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ 'ಇಂದು' ರೋಲಿನಲ್ಲಿ ತೆಗೆದ ತಾತನ ಚಿತ್ರಕ್ಕೆ ಮರೆತು ಐಸ್ ಹಾಕಿದೆ. ಬಿಳೀ ಪೇಟದ ಮಡಿಕೆಗಳೆಲ್ಲ ಕರಗಿ ಗಂಜಿ ಹಾಕಿದ ಹಾಗಾಯಿತು. ಛಾಯಾಗ್ರಾಹಕ ಟಿ.ಎಸ್. ಸತ್ಯನ್ ಹುಟ್ಟಿದ ಊರಿನಲ್ಲಿ ಕಪ್ಪು ಬಿಳುಪಿಗೆ ಹೀಗೆ ಮಾಡಬಾರದು ಅಂತ ಹೆಂಡತಿ ಛೇಡಿಸಿದಳು.

ಕೊಡಾಕ್ರೋಮ್ ಅನ್ನುವ ಹಳೇ ಕೊಡಾಕ್ ಫಿಲ್ಮಿನ ಸ್ಲೈಡಿಗೂ ಇದು ಸರಿಯಾಗಿ ಹೊಂದುವುದಿಲ್ಲ. ಅಮೆರಿಕದಲ್ಲಿದ್ದ ನೆಂಟರು ಕಳಿಸಿದ ಸ್ಲೈಡಿನ ರಟ್ಟಿನ ಮೇಲೆ ಆ ಹೆಸರಿದ್ದರೆ ಮೊದಲು ಐಸ್ ಹಾಕಿ ಒಂದು, ಹಾಕದೆ ಒಂದು ತೆಗೆದು ಹೋಲಿಸಿ.

ಡಿಮ್ಯಾಕ್ಸ್ 4.0 ಅಂತ ಬರೆದಿದೆ. ಅದೇನು?

ಫಿಲ್ಮಿನ ಅತಿ ಕಪ್ಪು ಭಾಗದಲ್ಲಿ ಯಂತ್ರಕ್ಕೆ ಎಷ್ಟರವರೆಗೆ ಕಣ್ಣು ಕಾಣುತ್ತದೆ ಅನ್ನುವ ಅಳತೆ. ನೆಗೆಟಿವ್‌ಗೆ ತಲೆ ಕೆಡಿಸಿಕೊಳ್ಳಬೇಡಿ. ಸ್ಲೈಡಿಗೆ ಬೇಕು, ಸ್ಲೈಡಿನ ನೆರಳು ನಿಜವಾಗಿ ಕಪ್ಪು. ಆದರೆ ಇದನ್ನೂ ಕಂಪನಿಗಳು ಉದಾರವಾಗಿಯೇ ಬರೆಯುತ್ತವೆ.

ಮಗ ಅಮೆರಿಕದಿಂದ ಬರ್ತಿದ್ದಾನೆ, ಅವನ ಕೈಲಿ ತರಿಸಿಕೊಳ್ಳಲಾ?

ಅಡಾಪ್ಟರ್ ಮೇಲೆ 100-240 ವೋಲ್ಟ್ ಅಂತ ಇದೆಯಾ ನೋಡಿಸಿ. ಬರೀ 120 ಇದ್ದರೆ ನಮ್ಮ 230 ವೋಲ್ಟಿಗೆ ಸುಟ್ಟುಹೋಗುತ್ತದೆ. ಅಲ್ಲಿಯ ವಾರಂಟಿ ಇಲ್ಲಿ ನಡೆಯುತ್ತದೆಯಾ ಅಂತ ಮೊದಲೇ ಕೇಳಿಸಿ, ಸಾಮಾನ್ಯವಾಗಿ ನಡೆಯುವುದಿಲ್ಲ. ಹೋಲ್ಡರುಗಳು ಡಬ್ಬದಲ್ಲೇ ಇವೆಯಾ ಎಣಿಸಲು ಹೇಳಿ. ಪ್ಲಾಸ್ಟಿಕ್ ತುಂಡು ಅಂತ ಎಲ್ಲೋ ಬಿಟ್ಟು ಬಂದರೆ ಯಂತ್ರ ಇದ್ದೂ ಇಲ್ಲದ ಹಾಗೆ.

ಬೆಂಗಳೂರಲ್ಲಿ ಸೆಕೆಂಡ್ ಹ್ಯಾಂಡ್ ನಿಕಾನ್ ಕೂಲ್‌ಸ್ಕ್ಯಾನ್ ಇದೆಯಂತೆ. ಹೋಗಿ ತರಲಾ?

ಯಂತ್ರ ಅದ್ಭುತ. ಆದರೆ ನಿಕಾನ್ ಅವನ್ನು ನಿಲ್ಲಿಸಿ ಬಹಳ ವರ್ಷ ಆಯಿತು, ರಿಪೇರಿಗೆ ಭಾಗ ಸಿಗುವುದು ಕಷ್ಟ. ಮೊದಲು ಹಿಂದಿನ ಕೇಬಲ್ ತೂತು ನೋಡಿ. ಕೂಲ್‌ಸ್ಕ್ಯಾನ್ 5, 5000 ಆದರೆ ಯುಎಸ್‌ಬಿ. 9000 ಫೈರ್‌ವೈರ್, ಈಗಿನ ಲ್ಯಾಪ್‌ಟಾಪ್‌ಗೆ ಸೀದಾ ಸಿಕ್ಕಿಸಲಾಗದು. ಹಳೇ ನಿಕಾನ್ ಸಾಫ್ಟ್‌ವೇರ್ ಈಗಿನ ವಿಂಡೋಸ್‌ನಲ್ಲಿ ತಕರಾರು ಮಾಡುತ್ತದೆ, ವ್ಯೂಸ್ಕ್ಯಾನ್ ಅನ್ನುವ ಬೇರೆ ತಂತ್ರಾಂಶ ಕೊಂಡರೆ ಓಡುತ್ತದೆ.

ಎದುರಿಗೇ ಒಂದು ಸ್ಲೈಡ್ ಸ್ಕ್ಯಾನ್ ಮಾಡಿಸಿ. ಕಪ್ಪು ಹಿನ್ನೆಲೆಯಲ್ಲಿ ದೀಪ ಇರುವ ಚಿತ್ರ ಒಳ್ಳೆಯದು. ದೀಪದ ಸುತ್ತ ಹೊಗೆ ಹರಡಿದ ಹಾಗೆ ಕಂಡರೆ ಒಳಗಿನ ಕನ್ನಡಿ ಮೇಲೆ ಧೂಳು ಕೂತಿದೆ. ಫ್ಲ್ಯಾಟ್‌ಬೆಡ್ ಆದರೆ ಟಾರ್ಚನ್ನು ಓರೆಯಾಗಿ ಹಿಡಿದು ಗಾಜಿನ ಒಳಮೈ ನೋಡಿ, ಮಂಜು ಕಟ್ಟಿರುವುದುಂಟು. ಸಾಗಿಸುವಾಗ ಲಾಕ್ ಇದ್ದರೆ ಹಾಕಿಸಿ. ನನ್ನ ಗೆಳೆಯನೊಬ್ಬ ಲಾಕ್ ಹಾಕದೆ ಬಸ್ಸಿನ ಡಿಕ್ಕಿಯಲ್ಲಿಟ್ಟು ತಂದ. ಮಂಡ್ಯ ದಾಟುವಷ್ಟರಲ್ಲಿ ಒಳಗಿನ ಗಾಡಿ ಹಳಿ ತಪ್ಪಿತ್ತು.

ಹೊಸದು ತಂದೆ. ಒಳ್ಳೇ ಪೀಸಾ ಕೆಟ್ಟದ್ದಾ ಅಂತ ಹೇಗೆ ಗೊತ್ತಾಗೋದು?

ವಾಪಸ್ ಕೊಡುವ ಗಡುವು ಮುಗಿಯುವ ಮೊದಲು ಒಂದು ಸಂಜೆ ಇದಕ್ಕೇ ಇಡಿ. ಒಂದೇ ಸ್ಲೈಡನ್ನು ಮೂರು ಸಲ ಸ್ಕ್ಯಾನ್ ಮಾಡಿ. ಮೂರೂ ಒಂದೇ ಥರ ಬರಬೇಕು. ಪೂರ್ತಿ ದೊಡ್ಡದು ಮಾಡಿ ನಾಲ್ಕು ಮೂಲೆ ನೋಡಿ, ಒಂದು ಕಡೆ ಮಾತ್ರ ಮಂಜಾದರೆ ಲೆನ್ಸ್ ಓರೆ. ಆಕಾಶ ಇರುವ ಚಿತ್ರದಲ್ಲಿ ಈ ತುದಿಯಿಂದ ಆ ತುದಿಗೆ ನೇರ ಗೆರೆ ಇದೆಯಾ ಹುಡುಕಿ.

ಗೆರೆ ಕಂಡ ತಕ್ಷಣ ಯಂತ್ರವನ್ನು ಬೈಯಬೇಡಿ. ಎಪ್ಸನ್ ಹೋಲ್ಡರಿನ ಒಂದು ತುದಿಯಲ್ಲಿ ಖಾಲಿ ಕಿಂಡಿ ಇರುತ್ತದೆ. ಸ್ಕ್ಯಾನ್ ಶುರುವಾಗುವ ಮೊದಲು ಯಂತ್ರ ಆ ಕಿಂಡಿಯಲ್ಲಿ ಬರೀ ಬೆಳಕು ನೋಡಿ ತನ್ನ ಕಣ್ಣು ಹೊಂದಿಸಿಕೊಳ್ಳುತ್ತದೆ. ಅಲ್ಲಿ ಒಂದು ಧೂಳಿನ ಕಣ ಇದ್ದರೂ ಅದರ ನೇರಕ್ಕೆ ಚಿತ್ರದ ಉದ್ದಕ್ಕೂ ಬಣ್ಣದ ಗೆರೆ. ನಾನು ಎರಡು ವಾರ ಒಂದು ನೇರಳೆ ಗೆರೆಯ ಜೊತೆ ಗುದ್ದಾಡಿದೆ. ಕೊನೆಗೆ ಸಿಕ್ಕಿದ್ದು ಆ ಕಿಂಡಿಯ ಕೆಳಗೆ ಗಾಜಿಗೆ ಅಂಟಿದ್ದ ಒಂದು ಅರಿಶಿನದ ಚುಕ್ಕೆ. ಹಬ್ಬದ ದಿನ ಯಂತ್ರಕ್ಕೂ ಪೂಜೆ ಆಗಿತ್ತು.

## ಕೆಲಸಕ್ಕೆ ಕೂತ ಮೇಲೆ

ನೆಗೆಟಿವ್ ಬೂಷ್ಟು ಹಿಡಿದಿದೆ. ನೀರಲ್ಲಿ ತೊಳೀಬಹುದಾ?

ಬೇಡವೇ ಬೇಡ. ಫಿಲ್ಮಿನ ಮೇಲೆ ಚಿತ್ರವನ್ನು ಹಿಡಿದಿರುವುದು ಜಿಲೆಟಿನ್. ಬೂಷ್ಟು ಅದನ್ನೇ ತಿನ್ನುವುದು. ತಿಂದ ಕಡೆ ಜಿಲೆಟಿನ್ ನೀರಿಗೆ ಕರಗುವ ಹಾಗಾಗಿರುತ್ತದೆ. ತೊಳೆದರೆ ಬೂಷ್ಟಿನ ಜೊತೆ ಚಿತ್ರವೂ ಹೋಗುತ್ತದೆ. ಒಣಗಿದ ಜಾಗದಲ್ಲಿ ಇಟ್ಟು, ಮೆತ್ತನೆ ಬ್ರಷ್ಷಿನಿಂದ ಮೇಲಿನ ಪುಡಿ ಮಾತ್ರ ತೆಗೆದು, ಹೇಗಿದೆಯೋ ಹಾಗೇ ಸ್ಕ್ಯಾನ್ ಮಾಡಿ. ಮಳೆಗಾಲದಲ್ಲಿ ಅಟ್ಟದ ಟ್ರಂಕು ತೆಗೆದಾಗ ವಿನಿಗರ್ ವಾಸನೆ ಬಂದರೆ ಅದು ಬೇರೆ ಕಾಯಿಲೆ, ಫಿಲ್ಮಿನ ಅಸಿಟೇಟ್ ಕೊಳೆಯುತ್ತಿದೆ ಅಂತ ಅರ್ಥ. ಅವನ್ನು ಬೇರೆ ಡಬ್ಬಕ್ಕೆ ಹಾಕಿ, ಮೊದಲು ಅವನ್ನೇ ಸ್ಕ್ಯಾನ್ ಮಾಡಿ ಮುಗಿಸಿ. ಅವು ಕಾಯುವುದಿಲ್ಲ.

ಎಷ್ಟು ಒರೆಸಿದ್ರೂ ಧೂಳು ಹೋಗಲ್ಲ. ಏನು ಮಾಡ್ತೀರಿ ನೀವು?

ಒರೆಸುವುದೇ ತಪ್ಪು. ಪಂಚೆ ತುದಿ, ಸೆರಗಿನ ತುದಿ, ಬಾಯಿಂದ ಊದುವುದು, ಮೂರೂ ಬೇಡ. ರಬ್ಬರ್ ಬ್ಲೋವರ್ ಒಂದು ಸಾಕು. ಹತ್ತಿಯ ಕೈಗವಸು ಹಾಕಿ, ಪಟ್ಟಿಯನ್ನು ಅಂಚಿನಲ್ಲಿ ಹಿಡಿಯಿರಿ. ಫ್ಯಾನ್ ನಿಲ್ಲಿಸಿ. ಕಸ ಗುಡಿಸಿ ನೆಲ ಒರೆಸಿ ಒಂದು ಗಂಟೆ ಆದ ಮೇಲೆ ಕೂತುಕೊಳ್ಳಿ. ದೇವರ ಮನೆ ಪಕ್ಕ ಯಂತ್ರ ಇಡಬೇಡಿ, ಸಾಂಬ್ರಾಣಿ ಹೊಗೆ ಗಾಜಿನ ಮೇಲೆ ಜಿಡ್ಡಾಗಿ ಕೂರುತ್ತದೆ. ಮಂಡ್ಯದ ಕಡೆ ಹಳ್ಳಿಯಲ್ಲಿ ಆಲೆಮನೆ ಹತ್ತಿರವಿದ್ದರೆ ಅದು ನಡೆಯುವಾಗ ಕಿಟಕಿ ಹಾಕಿಕೊಳ್ಳಿ. ಫೆಬ್ರವರಿ, ಮಾರ್ಚಿನ ಒಣ ಹವೆಯಲ್ಲಿ ಫಿಲ್ಮ್ ಧೂಳನ್ನು ತಾನೇ ಎಳೆದುಕೊಳ್ಳುತ್ತದೆ. ಒಂದು ಜಡಿಮಳೆ ನಿಂತ ಸಂಜೆ ನನಗೆ ಅತಿ ಕಡಿಮೆ ಧೂಳು ಸಿಗುತ್ತದೆ.

ಸಾವಿರ ಫೋಟೋ ಇದೆ. ಎಷ್ಟು ದಿನ ಹಿಡಿಯುತ್ತೆ?

ಊದಿ, ಇಟ್ಟು, ಐಸ್ ಸಮೇತ ಸ್ಕ್ಯಾನ್ ಮಾಡಿ, ಹೆಸರು ಹಾಕುವುದಕ್ಕೆ ಒಂದಕ್ಕೆ ಮೂರು ನಿಮಿಷ ಅಂದುಕೊಳ್ಳಿ. ಸಾವಿರಕ್ಕೆ 50 ಗಂಟೆ. ದಿನಕ್ಕೊಂದು ಗಂಟೆಯಂತೆ ಸುಮಾರು ಎರಡು ತಿಂಗಳು, ನಡುವೆ ಹಬ್ಬ, ಜ್ವರ, ನೆಂಟರು ಸೇರಿ ಮೂರು. ನಂಬಿಕೆಯ ಯಂತ್ರ ಅಂದರೆ ನನ್ನ ಪಾಲಿಗೆ ಇದೇ: ಎಂಟುನೂರನೇ ಚಿತ್ರಕ್ಕೂ ಮೊದಲನೆಯದರ ಹಾಗೇ ತಕರಾರಿಲ್ಲದೆ ಓಡಬೇಕು, ನಾನೂ ಓಡಿಸುತ್ತಿರಬೇಕು. ಅತಿ ದೊಡ್ಡ ಡಿಪಿಐ ಇಟ್ಟುಕೊಂಡು ಅರವತ್ತಕ್ಕೇ ಕೈಬಿಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ.

ಎಲ್ಲವನ್ನೂ ಮಾಡಲೇಬೇಕೆಂದೂ ಇಲ್ಲ. ಒಂದೇ ರೋಲಿನಲ್ಲಿ ಮೃಗಾಲಯದ ಜಿರಾಫೆ ಹನ್ನೆರಡು ಇದ್ದರೆ ಎರಡು ಸಾಕಲ್ವಾ?

ಟಿಫ್ ಇಡಬೇಕಾ, ಜೆಪೆಗ್ ಸಾಕಾ?

3200 ಡಿಪಿಐಯ ಒಂದು 35 ಎಂಎಂ ಚಿತ್ರ ಮಾಮೂಲಿ 24 ಬಿಟ್ ಟಿಫ್ ಆದರೆ ಸುಮಾರು 41 ಎಂಬಿ, ಬಣ್ಣದ ಮಾಹಿತಿ ಎರಡರಷ್ಟು ಇಡುವ 48 ಬಿಟ್ ಆದರೆ 82. ಸಾವಿರಕ್ಕೆ 41 ಅಥವಾ 82 ಜಿಬಿ. ಈಗಿನ ಹಾರ್ಡ್ ಡಿಸ್ಕಿಗೆ ಅದು ದೊಡ್ಡದಲ್ಲ. ಬಣ್ಣ ತಿದ್ದಬೇಕಾದ, ಮುಖ್ಯವಾದವನ್ನು 48 ಬಿಟ್ ಟಿಫ್ ಇಡಿ. ಜಿರಾಫೆಗೆ ಒಳ್ಳೇ ಗುಣಮಟ್ಟದ ಜೆಪೆಗ್ ಸಾಕು. ಎರಡು ಡಿಸ್ಕಿನಲ್ಲಿ ಕಾಪಿ ಇರಲಿ, ಎರಡನೆಯದು ಬೇರೆ ಮನೆಯಲ್ಲಿ ಇರಲಿ.

ಸ್ಕ್ಯಾನ್ ಮಾಡಿದ್ರೆ ಮುಖ ಎಲ್ಲ ನೀಲಿ, ಇಲ್ಲಾಂದ್ರೆ ಕೆಂಪು. ಯಂತ್ರ ಕೆಟ್ಟಿದೆಯಾ?

ಎರಡಕ್ಕೂ ಕಾರಣ ಬೇರೆ. ಬಣ್ಣದ ನೆಗೆಟಿವ್ ಕಿತ್ತಳೆ ಬಣ್ಣಕ್ಕಿರುತ್ತದೆ. ಅದು ಕೊಳೆಯಲ್ಲ, ಬಣ್ಣಗಳ ತಪ್ಪು ಸರಿದೂಗಲಿ ಅಂತ ಕಾರ್ಖಾನೆಯಲ್ಲೇ ಹಾಕಿದ್ದು. ಅದನ್ನು ಕಳೆಯದೆ ಸುಮ್ನೆ ತಿರುಗಿಸಿದರೆ ಚಿತ್ರ ನೀಲಿ ಬರುತ್ತದೆ. ಸಾಫ್ಟ್‌ವೇರಿನಲ್ಲಿ 'ಬಣ್ಣದ ನೆಗೆಟಿವ್' ಅನ್ನುವುದನ್ನು ಆರಿಸಿದ್ದೀರಾ ನೋಡಿ. ಸುತ್ತಲಿನ ಕರೀ ಅಂಚು, ತೂತು ಎಲ್ಲ ಆಯ್ಕೆಯ ಚೌಕದಿಂದ ಹೊರಗಿರಲಿ, ಅವು ಸೇರಿದರೆ ಲೆಕ್ಕ ತಪ್ಪುತ್ತದೆ.

ಸ್ಲೈಡ್ ಕೆಂಪಾಗಿದ್ದರೆ ವಯಸ್ಸಿನ ಕಾರಣ. ಕತ್ತಲಲ್ಲಿ ಇಟ್ಟರೂ ಹಳೇ ಬಣ್ಣದ ಫಿಲ್ಮಿನಲ್ಲಿ ಸಯಾನ್ (ಹಸಿರು ಬೆರೆತ ನೀಲಿ) ಬಣ್ಣ ಮೊದಲು ಮಾಸುತ್ತದೆ, ಉಳಿದದ್ದು ಕೆಂಪು. ಬಣ್ಣ ಮರಳಿಸುವ ಆಯ್ಕೆ ಒಂದಷ್ಟು ಸರಿಮಾಡುತ್ತದೆ. ನಾನು ಸೀರೆಯನ್ನು ಬಿಟ್ಟು ಪಂಚೆಯನ್ನು ನೋಡುತ್ತೇನೆ. ಪಂಚೆ ಬೆಳ್ಳಗೆ ಬಂದರೆ ಉಳಿದದ್ದು ತಾನಾಗಿ ದಾರಿಗೆ ಬರುತ್ತದೆ.

## ಸ್ವಲ್ಪ ಮುಂದೆ ಹೋದವರಿಗೆ

ನನ್ನ ಹತ್ರ ಡಿಎಸ್ಎಲ್ಆರ್ ಇದೆ. ಸ್ಕ್ಯಾನರ್ ತರದೆ ಅದರಲ್ಲೇ ಮಾಡಿದ್ರೆ?

ಕೈ ಕುದುರಿದರೆ ಇದು ಎಲ್ಲಕ್ಕಿಂತ ವೇಗ, ಗುಣದಲ್ಲೂ ಹಿಂದೆ ಬೀಳುವುದಿಲ್ಲ. ಫುಲ್ ಫ್ರೇಮ್ 24 ಮೆಗಾಪಿಕ್ಸೆಲ್ ಕ್ಯಾಮೆರಾ ಒಂದಕ್ಕೊಂದು ಅಳತೆಯಲ್ಲಿ ತೆಗೆದರೆ 4200 ಡಿಪಿಐಗೆ ಸಮ. ನಿಜವಾದ ಮ್ಯಾಕ್ರೋ ಲೆನ್ಸ್, ಅಲುಗದ ಸ್ಟ್ಯಾಂಡ್, ಸಿಆರ್‌ಐ (ಬೆಳಕು ಬಣ್ಣವನ್ನು ಎಷ್ಟು ಸಹಜವಾಗಿ ತೋರಿಸುತ್ತದೆ ಅನ್ನುವ ಅಂಕ) 95ಕ್ಕಿಂತ ಮೇಲಿನ ಎಲ್‌ಇಡಿ ಹಲಗೆ, ಫಿಲ್ಮ್ ಹೋಲ್ಡರ್ ಬೇಕು. ಐಎಸ್ಒ 100, ಅಪರ್ಚರ್ 8, ಎರಡು ಸೆಕೆಂಡ್ ಟೈಮರ್, ರಾ ಫೈಲ್. ಕೋಣೆಯ ದೀಪ ಆರಿಸಿ.

ಕಷ್ಟ ಇರುವುದು ಕ್ಯಾಮೆರಾ ಮತ್ತು ಫಿಲ್ಮ್ ಸಮಾನಾಂತರ ಇರುವುದರಲ್ಲಿ. ಫಿಲ್ಮಿನ ಜಾಗದಲ್ಲಿ ಒಂದು ಪುಟ್ಟ ಕನ್ನಡಿ ಇಡಿ. ವ್ಯೂಫೈಂಡರಿನಲ್ಲಿ ಲೆನ್ಸಿನ ಬಿಂಬ ಸರಿಯಾಗಿ ನಡುವೆ ಕಂಡರೆ ನೆಟ್ಟಗಿದೆ. ಬಣ್ಣದ ನೆಗೆಟಿವ್ ತಿರುಗಿಸಲು ಲೈಟ್‌ರೂಮ್ ಇದ್ದವರು ನೆಗೆಟಿವ್ ಲ್ಯಾಬ್ ಪ್ರೋ ಬಳಸುತ್ತಾರೆ. ನಾನು ಉಚಿತವಾದ ಡಾರ್ಕ್‌ಟೇಬಲ್‌ನ ನೆಗಾಡಾಕ್ಟರ್ ಬಳಸುತ್ತೇನೆ. ಧೂಳು ಅಳಿಸುವ ಇನ್‌ಫ್ರಾರೆಡ್ ಮಾತ್ರ ಇಲ್ಲಿಲ್ಲ. ಧೂಳು ತುಂಬಿದ ಬಣ್ಣದ ಪಟ್ಟಿಗಳಿಗೆ ನಾನು ಈಗಲೂ ಸ್ಕ್ಯಾನರಿಗೇ ಹೋಗುತ್ತೇನೆ.

ಪಟ್ಟಿ ಸುರುಳಿ ಸುತ್ತಿಕೊಳ್ಳುತ್ತೆ, ನಡುವೆ ಮಂಜು. ಗಾಜು ಇಟ್ಟು ಅದುಮಲಾ?

ಮಾಮೂಲಿ ಗಾಜು ಇಟ್ಟರೆ ಕಾಮನಬಿಲ್ಲಿನ ಉಂಗುರಗಳು ಬರುತ್ತವೆ, ನ್ಯೂಟನ್ ಉಂಗುರ ಅನ್ನುತ್ತಾರೆ. ಫಿಲ್ಮಿನ ನುಣುಪು ಮೈ ಗಾಜಿಗೆ ಅಂಟಿದಾಗ ಹೀಗಾಗುತ್ತದೆ. ಅದಕ್ಕೆಂದೇ ಸ್ವಲ್ಪ ಒರಟು ಮಾಡಿದ ಆಂಟಿ ನ್ಯೂಟನ್ ಗಾಜು ಸಿಗುತ್ತದೆ. ಅದಕ್ಕೂ ಮೊದಲು, ಪಟ್ಟಿಗಳನ್ನು ಸ್ಲೀವ್, ಅಂದರೆ ನೆಗೆಟಿವ್ ಇಡುವ ಪ್ಲಾಸ್ಟಿಕ್ ಲಕೋಟೆಯೊಳಗೆ ಹಾಕಿ ದಪ್ಪ ನಿಘಂಟಿನ ಕೆಳಗೆ ಎರಡು ವಾರ ಮಲಗಿಸಿ. ಹೆಚ್ಚಿನವು ಸರಿಹೋಗುತ್ತವೆ.

ತಾತನ ಸ್ಟುಡಿಯೋದ ದೊಡ್ಡ ನೆಗೆಟಿವ್, ಗಾಜಿನ ಪ್ಲೇಟ್ ಇವೆ. ಯಾವುದರಲ್ಲಿ?

ವಿ600ರ ಮುಚ್ಚಳದ ದೀಪ 120ರ ಅಗಲಕ್ಕೆ ಮಾತ್ರ. ವಿ850ಯಲ್ಲಿ 8 ಗುಣಿಸು 10 ಅಂಗುಲದವರೆಗೂ ಆಗುತ್ತದೆ. ಹತ್ತಿಪ್ಪತ್ತೇ ಇದ್ದರೆ ಎಲ್‌ಇಡಿ ಹಲಗೆ ಮೇಲಿಟ್ಟು ಕ್ಯಾಮೆರಾದಲ್ಲಿ ತೆಗೆಯಿರಿ. ಪ್ಲೇಟನ್ನು ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನಿಲ್ಲಿಸಿ ಇಡಿ. ಬಿರುಕು ಬಿಟ್ಟದ್ದಿದ್ದರೆ ಅದು ಮಾತ್ರ ಮಲಗಿರಲಿ.

ಮೂರು ಮನೆಯವರು ಸೇರಿ ಒಂದು ತಗೊಂಡು ಆಮೇಲೆ ಮಾರಬಹುದಾ?

ನಾವು ಮಾಡಿದ್ದು ಅದನ್ನೇ. ನಾನು, ತಂಗಿ, ಷಡ್ಕ. ಒಬ್ಬೊಬ್ಬರಿಗೆ ನಾಲ್ಕು ತಿಂಗಳು. ಒಳ್ಳೇ ಯಂತ್ರವಾದರೆ ಡಬ್ಬ, ಬಿಲ್ಲು, ಹೋಲ್ಡರ್ ಎಲ್ಲ ಇದ್ದಾಗ ಮಾರಲು ಕಷ್ಟವಿಲ್ಲ. ಅಗ್ಗದ ಡಬ್ಬವನ್ನು ಮಾತ್ರ ಯಾರೂ ಕೊಳ್ಳಲಿಲ್ಲ, ಅದು ಈಗ ಮಗಳ ಆಟದ ಸಾಮಾನಿನ ಜೊತೆ ಇದೆ.

ಸ್ಕ್ಯಾನ್ ಎಲ್ಲ ಆಯ್ತು. ನೆಗೆಟಿವ್ ಎಸೆಯಬಹುದಾ?

ಎಸೆಯಬೇಡಿ. ನನ್ನ ಆ 220 ಸ್ಲೈಡು ಮತ್ತೆ ಮಾಡಲಾಗಿದ್ದು ಮೂಲ ಉಳಿದಿದ್ದರಿಂದ. ಪಿವಿಸಿ ಸ್ಲೀವ್ ಬೇಡ, ಪಾಲಿಪ್ರೊಪಿಲೀನ್ ಸ್ಲೀವ್ ತನ್ನಿ. ಒಂದು ಸ್ಟೀಲ್ ಡಬ್ಬ, ಒಳಗೆ ಸಿಲಿಕಾ ಜೆಲ್, ಮಳೆಗಾಲಕ್ಕೆ ಮುಂಚೆ ಅದನ್ನು ಒಣಗಿಸಿ ಮತ್ತೆ ಹಾಕಿ. ನುಸಿಗುಳಿಗೆ ಹಾಕಬೇಡಿ, ಅದರ ಹಬೆ ಫಿಲ್ಮಿಗೆ ಆಗುವುದಿಲ್ಲ. ಅಟ್ಟ ಬಿಸಿ, ಹೊರಗಿನ ಗೋಡೆಗೆ ಅಂಟಿದ ಬೀರು ತೇವ. ನಡುಮನೆಯ ಒಳಗೋಡೆಯ ಶೆಲ್ಫು ಸರಿ. ಡಬ್ಬದ ಮೇಲೆ ಒಳಗೆ ಏನಿದೆ ಅಂತ ದೊಡ್ಡದಾಗಿ ಬರೆಯಿರಿ. ಬರೆಯದಿದ್ದರೆ ನಮ್ಮಮ್ಮ ಮಾಡಿದ ಹಾಗೆ, ಮುಂದಿನ ದೀಪಾವಳಿಗೆ ಅದರಲ್ಲಿ ಚಕ್ಕುಲಿ ತುಂಬಿರುತ್ತಾರೆ.